ನೆರಳನ್ನು ಸಂಜೆ ಅಳೆಸುವ ಅಧ್ಯಕ್ಷರಿಗೆ

ಮಾನ್ಯ ನಗರಸಭಾಧ್ಯಕ್ಷರೇ,

ನಮ್ಮ ದೊಡ್ಡಪ್ಪನ ಸೈಕಲ್ ರಿಪೇರಿ ಅಂಗಡಿಯ ಮುಂದಿನ ಟಾರ್ಪಾಲನ್ನು ಬರುವ ಸೋಮವಾರ ತಮ್ಮ ಸಿಬ್ಬಂದಿ ಕತ್ತರಿಸಿ ಒಯ್ಯಲಿದ್ದಾರೆ. ಆ ಟಾರ್ಪಾಲು ಸಾರ್ವಜನಿಕ ಪಾದಚಾರಿ ದಾರಿಯ ಮೇಲೆ ನೆರಳು ಬೀಳಿಸುತ್ತಿದೆ ಎಂಬುದು ಆರೋಪ. ಆ ನೆರಳಿಗೆ ತಾವು ವಿಧಿಸಿರುವ ತೆರಿಗೆಯನ್ನು ಕಟ್ಟುವ ಶಕ್ತಿ ದೊಡ್ಡಪ್ಪನಿಗಿಲ್ಲ ಎಂಬುದು ಅಪರಾಧ. ನನಗೆ ತಿಳಿದಂತೆ ಈ ಪ್ರಕರಣದಲ್ಲಿ ಸೂರ್ಯನೂ ಸಹ ಆರೋಪಿಯೇ. ಅವನ ವಿಳಾಸ ತಮ್ಮ ಕಂದಾಯ ವಿಭಾಗಕ್ಕೆ ಸಿಗಲಿಲ್ಲವೆಂದು ಕಾಣುತ್ತದೆ. ನೋಟಿಸು ದೊಡ್ಡಪ್ಪನೊಬ್ಬರ ಹೆಸರಿಗೇ ಬಂದಿದೆ.

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ಮುಂದಿನ ತಿಂಗಳ ನಗರಸಭಾ ಚುನಾವಣೆಯಲ್ಲಿ ಮೊಟ್ಟಮೊದಲ ಬಾರಿಗೆ ಮತ ಹಾಕಲಿರುವ ಬಡ ಮತದಾರ ನಾನು. ನನ್ನ ಓರಗೆಯವರೆಲ್ಲ ಜಗತ್ತನ್ನೇ ಬದಲಾಯಿಸಲು ಹೊರಟಿದ್ದಾರೆ. ನನಗೆ ಅಷ್ಟೊಂದು ಹಸಿವಿಲ್ಲ, ನಮ್ಮ ಬೀದಿಯ ಮೂಲೆಯ ದೀಪದ ಬಲ್ಬು ಬದಲಾದರೆ ಸಾಕು. "ಮೀಸೆ ಬರೋ ಮೊದಲೇ ಮುದುಕ ಆದೆಯಲ್ಲೋ" ಎಂದು ಗೆಳೆಯರು ಹಂಗಿಸುತ್ತಾರೆ. ಇರಬಹುದು. ಓಡುತ್ತಿರುವ ಸೈಕಲ್ಲನ್ನು ಸುಮ್ಮನೆ ಬಿಚ್ಚಬಾರದು ಎಂಬ ಅಂಗಡಿಯಲ್ಲಿ ಬೆಳೆದವನು ನಾನು. ಆಡಳಿತದ ವಿಷಯದಲ್ಲೂ ನನ್ನ ಆಸೆ ಅಷ್ಟಕ್ಕೇ ನಿಂತಿದೆ. ಇರುವುದನ್ನು ಕೆಡಿಸಬೇಡಿ, ಕೆಟ್ಟಿದ್ದನ್ನು ರಿಪೇರಿ ಮಾಡಿ, ಕೂಲಿಗಿಂತ ಹೆಚ್ಚು ಕೇಳಬೇಡಿ. ಇಷ್ಟು ಹೇಳಿದ್ದಕ್ಕೆ ನನ್ನನ್ನು ಸಂಪ್ರದಾಯವಾದಿ ಎಂದು ಕರೆಯುವುದಾದರೆ, ಆ ಹಣೆಪಟ್ಟಿಯನ್ನು ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿಗೆ ಅಂಟಿಸಿಕೊಂಡು ಊರೆಲ್ಲ ಓಡಾಡಲು ಸಿದ್ಧನಿದ್ದೇನೆ.

ಈಗ ನೆರಳಿನ ವಿಷಯ. ನಮ್ಮ ಅಂಗಡಿ ಎಷ್ಟು ಇಕ್ಕಟ್ಟೆಂದರೆ ಒಳಗೆ ಟೈರುಗಳಿಗೆ ಜಾಗವಿದೆ, ದೊಡ್ಡಪ್ಪನಿಗೆ ಇಲ್ಲ. ಹಾಗಾಗಿ ಅವರ ಕೆಲಸವೆಲ್ಲ ಹೊರಗೆ, ಟಾರ್ಪಾಲಿನ ಕೆಳಗೆ. ಎರಡು ಕಬ್ಬಿಣದ ಪೈಪು, ಒಂದು ನೀಲಿ ಹಾಳೆ, ಪಡುವಣ ಬಿಸಿಲು ಕಣ್ಣಿಗೆ ಕುಕ್ಕಬಾರದೆಂದು ಸಂಜೆ ಇಳಿಬಿಡುವ ಒಂದು ಪಕ್ಕದ ಪರದೆ. ಅಷ್ಟೇ ಆಸ್ತಿ. ಅಲ್ಲೇ ಬಸ್ಸು ನಿಲ್ಲುತ್ತದೆ. ನಿಲ್ದಾಣವಿಲ್ಲ, ಬಸ್ಸು ಮಾತ್ರ ನಿಲ್ಲುತ್ತದೆ. ಹೀಗಾಗಿ ಬಸ್ಸಿಗೆ ಕಾಯುವವರೆಲ್ಲ ದೊಡ್ಡಪ್ಪನ ಸುತ್ತ ನಿಂತು, ಚೈನಿಗೆ ಎಣ್ಣೆ ಎಷ್ಟು ಬಿಡಬೇಕೆಂದು ಅವರಿಗೇ ಪಾಠ ಹೇಳುತ್ತಿರುತ್ತಾರೆ.

ತಮ್ಮ ಕಂದಾಯ ನಿರೀಕ್ಷಕರು ಟೇಪು ಹಿಡಿದು ಬಂದದ್ದು ಸೂರ್ಯ ಮುಳುಗುವ ಹೊತ್ತಿಗೆ. ಹಗಲು ಹೊತ್ತೆಲ್ಲ ಕಚೇರಿಯಲ್ಲಿ ವಿದೇಶಿ ಅತಿಥಿಗಳಿಗಾಗಿ ಸ್ವಾಗತಗೀತೆಯ ತಾಲೀಮು ಇರುತ್ತದಂತೆ, ಅವರು ಎರಡನೇ ಸಾಲಿನ ಗಾಯಕರಂತೆ. ನಮ್ಮ ಬೀದಿ ಪೂರ್ವ ಪಶ್ಚಿಮವಾಗಿ ಮಲಗಿದೆ. ಪಕ್ಕದ ಪರದೆ ಇಳಿದಿತ್ತು. ಸಂಜೆಯ ನೆರಳು ಹೇಗಿರುತ್ತದೆ ಎಂದು ತಾವೂ ಚಿಕ್ಕಂದಿನಲ್ಲಿ ನೋಡಿರುತ್ತೀರಿ. ಅದು ನಮ್ಮ ಹೊಸ್ತಿಲು ದಾಟಿ, ಪಕ್ಕದ ಬೇಕರಿಯ ಮುಂದೆ ಹಾದು, ಅದರಾಚೆಯ ನಲ್ಲಿಯ ತನಕ ಕಾಲು ಚಾಚಿಕೊಂಡಿತ್ತು. ನಿರೀಕ್ಷಕರು ನೆರಳನ್ನು ಹಿಂಬಾಲಿಸುತ್ತಾ ಹೋದರು. ಗುರುತಿಗೆಂದು ನೇತುಹಾಕಿರುವ ಹಳೆಯ ಚಕ್ರದ ನೆರಳನ್ನೂ ಕಡ್ಡಿಗಳ ಸಮೇತ ಅಳೆದುಕೊಂಡರು. ಬೇಕರಿ ಅಕ್ಕ ಬಾಗಿಲಿಗೆ ಬಂದು ನಿಂತಳು.

"ಇಲ್ಲಿರೋ ನೆರಳು ಯಾರದಮ್ಮಾ?" ಎಂದು ಕೇಳಿದರು ನಿರೀಕ್ಷಕರು.

"ನನ್ನದಲ್ಲಪ್ಪ, ಪಕ್ಕದ ಅಂಗಡೀದು. ದಿನಾ ಸಂಜೆ ಬರುತ್ತೆ, ಒಂದಿಷ್ಟು ಹೊತ್ತು ಕೂತಿರುತ್ತೆ, ಹೋಗುತ್ತೆ. ತೊಂದರೆ ಏನೂ ಕೊಡಲ್ಲ ಪಾಪ."

"ಅಂದ್ರೆ ನಿಮ್ಮ ಜಾಗಾನೂ ಅವರೇ ಬಳಸ್ತಿದ್ದಾರೆ ಅಂತ ಬರ್ಕೋತೀನಿ."

"ಅಯ್ಯೋ ದೇವರೇ! ಮಧ್ಯಾಹ್ನ ಬಂದು ನೋಡಿ ಸಾರ್, ಅವರ ನೆರಳು ಅವರ ಕಾಲ ಬುಡದಲ್ಲೇ ಬಿದ್ದಿರುತ್ತೆ."

"ಮಧ್ಯಾಹ್ನ ನನಗೆ ಹಾಡು ಇರುತ್ತಮ್ಮಾ."

ಹೀಗೆ, ಹಾಡಿನ ಕಾರಣದಿಂದ ನಮ್ಮ ಟಾರ್ಪಾಲು ನಗರಸಭೆಯ ದಾಖಲೆಯಲ್ಲಿ ತನಗಿಂತ ಮೂರು ಪಟ್ಟು ದೊಡ್ಡದಾಗಿ ಬೆಳೆಯಿತು. ನೋಟಿಸಿನಲ್ಲಿದ್ದ ಮೊತ್ತ ನೋಡಿ ದೊಡ್ಡಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಮೊತ್ತ ಕದಲಲಿಲ್ಲ.

ಮಾನ್ಯರೇ, ವಿದೇಶಾಂಗ ನೀತಿಯ ಬಗ್ಗೆ ತಮಗಿರುವ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಭೂಮಿಯ ಆ ತುದಿಯಲ್ಲಿ ಎರಡು ದೇಶಗಳು ಗಡಿಯ ಒಂದು ಗುಡ್ಡಕ್ಕಾಗಿ ಜಗಳವಾಡುತ್ತಿದ್ದಾಗ ತಮ್ಮ ಸಭೆ ಇಡೀ ದಿನ ಚರ್ಚಿಸಿ, ಇಬ್ಬರೂ ಸಂಯಮದಿಂದಿರಬೇಕೆಂದು ನಿರ್ಣಯ ಅಂಗೀಕರಿಸಿತು. ಅದನ್ನು ಓದಿದ ಕೂಡಲೇ ಎರಡೂ ಸೈನ್ಯಗಳು ಗುಡ್ಡ ಇಳಿದು ಮನೆಗೆ ಹೋಗಿರಬೇಕು. ಸುದ್ದಿ ಇನ್ನೂ ಬಂದಿಲ್ಲ, ಟಪಾಲು ತಡವಾಗಿರಬಹುದು. ಅದೇ ಸಭೆಯ ಕಾರ್ಯಸೂಚಿಯ ಕೊನೆಯಲ್ಲಿ ನಮ್ಮ ಬೀದಿಯ ಚರಂಡಿಯೂ ಇತ್ತು. ಸಮಯದ ಅಭಾವದಿಂದ ಅದನ್ನು ಮುಂದೂಡಲಾಯಿತು. ಚರಂಡಿ ಮಾತ್ರ ಮುಂದೂಡಲ್ಪಡಲು ಒಪ್ಪದೆ, ಅವತ್ತೇ ರಸ್ತೆಗೆ ಬಂದು ತನ್ನ ನಿರ್ಣಯವನ್ನು ತಾನೇ ಅಂಗೀಕರಿಸಿಕೊಂಡಿತು.

ದೊಡ್ಡಪ್ಪ ಅವತ್ತು ಪ್ಯಾಂಟು ಮಡಚಿ, ಕೋಲು ಹಿಡಿದು ಆ ನೀರನ್ನು ಸರಿಸುತ್ತಾ ಹೇಳಿದ ಮಾತು ಇದು: "ಹೊರದೇಶದವರ ಜೊತೆ ಮಾತಾಡೋಕೆ ದೊಡ್ಡ ಚುನಾವಣೆ ಮಾಡಿ ಬೇರೆಯವರನ್ನ ಕಳಿಸಿದ್ದೀವಲ್ಲ. ಇವರನ್ನ ಆರಿಸಿದ್ದು ಚರಂಡಿ ಜೊತೆ ಮಾತಾಡೋಕೆ." ಇದಕ್ಕಿಂತ ಹೆಚ್ಚಿನ ರಾಜ್ಯಶಾಸ್ತ್ರ ನನಗೆ ಗೊತ್ತಿಲ್ಲ. ದೇಶಕ್ಕೆ ಸ್ನೇಹಿತರು ಬೇಡವೆಂದು ನಾನು ಹೇಳುತ್ತಿಲ್ಲ. ಸ್ನೇಹ, ಜಗಳ, ವ್ಯಾಪಾರ, ಗಡಿ, ಇವೆಲ್ಲ ಇಡೀ ದೇಶದ ಹಿತ ನೋಡಿ, ಅದರ ಹೊಣೆ ಹೊತ್ತವರು ಮಾಡಬೇಕಾದ ಕೆಲಸ. ಅವರು ತಪ್ಪಿದರೆ ಅವರನ್ನು ಕೇಳುತ್ತೇವೆ. ತಾವು ಗುಡ್ಡದ ಬಗ್ಗೆ ತಪ್ಪಿದರೆ ಯಾರನ್ನು ಕೇಳುವುದು? ಅದಿರಲಿ, ತಾವು ಗುಡ್ಡದ ಬಗ್ಗೆ ಸರಿಯಾಗಿದ್ದರೂ ನಲ್ಲಿಯಲ್ಲಿ ನೀರು ಬರುತ್ತದೆಯೇ?

ನೆರಳು ತೆರಿಗೆಯ ವಿರುದ್ಧ ನಾವು ಕೊಟ್ಟ ಮನವಿಗೆ ಉತ್ತರ ಬರಲಿಲ್ಲ. ಆಗ ನಾನು ತಮ್ಮ ಉಪನಿಯಮವನ್ನು ಮೊದಲಿನಿಂದ ಕೊನೆಯ ತನಕ ಓದಿದೆ. ಬರೆದವರನ್ನೂ ಸೇರಿಸಿ ಹೀಗೆ ಓದಿದವನು ನಾನೊಬ್ಬನೇ ಎಂದು ನನ್ನ ಗುಮಾನಿ. ಅದರಲ್ಲಿ ಒಂದು ಬಂಗಾರದಂಥ ಸಾಲು ಸಿಕ್ಕಿತು: ಹೊರದೇಶದ ಸ್ನೇಹ ನಿಯೋಗಗಳು ಬಳಸುವ ಸ್ಥಳಗಳಿಗೆ ಈ ತೆರಿಗೆ ಅನ್ವಯಿಸುವುದಿಲ್ಲ. ನನಗೆ ದಾರಿ ಸ್ಪಷ್ಟವಾಯಿತು. ಒಳ್ಳೆಯ ಹಾಳೆಯ ಮೇಲೆ, ಹಿತ್ತಲ ಬೀದಿ ಸ್ವತಂತ್ರ ಸಂಸ್ಥಾನದ ವಿದೇಶಾಂಗ ಮಂತ್ರಿಯ ಹೆಸರಿನಲ್ಲಿ, ತಮ್ಮ ನಗರದೊಂದಿಗೆ ಚಿರಸ್ನೇಹ ಬಯಸುವುದಾಗಿ ಒಂದು ಪತ್ರ ಬರೆದೆ. ನಮ್ಮ ಧ್ವಜದ ಬಣ್ಣ ಗ್ರೀಸಿನ ಕಪ್ಪು, ನಮ್ಮ ರಾಷ್ಟ್ರಗೀತೆ ಸೈಕಲ್ ಬೆಲ್ಲು, ನಮ್ಮ ರಾಯಭಾರ ಕಚೇರಿ ನೀಲಿ ಟಾರ್ಪಾಲಿನ ಕೆಳಗೆ ಎಂದೂ ತಿಳಿಸಿದೆ. ಓದಿದವರು ನಗುತ್ತಾರೆ, ನಗುವವರಿಗೆ ಮನಸ್ಸು ಕರಗುತ್ತದೆ ಎಂದುಕೊಂಡಿದ್ದೆ.

ಯಾರೂ ನಗಲಿಲ್ಲ, ಅಧ್ಯಕ್ಷರೇ. ಚರಂಡಿಯ ದೂರಿಗೆ ವರ್ಷಗಟ್ಟಲೆ ಬಾಯಿ ಬಿಡದ ತಮ್ಮ ಕಚೇರಿ ಮರುದಿನವೇ ಆಳಿನ ಕೈಯಲ್ಲಿ ಉತ್ತರ ಕಳಿಸಿತು. ತಮ್ಮ ದೇಶದ ಪತ್ರದಿಂದ ಅಪಾರ ಹರ್ಷವಾಗಿದೆ, ನಾಳೆ ನಿಯೋಗ ಭೇಟಿ ಕೊಡಲಿದೆ ಎಂದು. ನಾಳೆ ಆಯಿತು, ನಿಯೋಗವೂ ಬಂತು. ಹೊರದೇಶದವರಿಗೆಂದೇ ತಾವು ತೆರೆದಿರುವ ಸ್ನೇಹ ವಿಭಾಗದ ಅಧಿಕಾರಿ ಹೂಗುಚ್ಛ ಹಿಡಿದು ಕಾರಿನಿಂದ ಇಳಿದರು. ಅವರ ಹಿಂದೆ ಫೋಟೋ ತೆಗೆಯುವವರು, ಅವರ ಹಿಂದೆ ಕೋಟು ತೊಟ್ಟ ಒಬ್ಬ ದುಭಾಷಿ. ನಾನು ದೊಡ್ಡಮ್ಮನ ಕಂದು ಶಾಲು ಹೊದ್ದು ಮಂತ್ರಿಯ ಗಾಂಭೀರ್ಯದಲ್ಲಿ ನಿಂತಿದ್ದೆ. ಬೇಕರಿ ಅಕ್ಕ ವಾಣಿಜ್ಯ ಖಾತೆ ವಹಿಸಿಕೊಂಡಿದ್ದಳು. ದೊಡ್ಡಪ್ಪನಿಗೆ ನಾನು ಏನನ್ನೂ ಹೇಳಿರಲಿಲ್ಲ. ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲಿನ ಹಿಂದೆ ಕೂತು ಟ್ಯೂಬು ಎಳೆಯುತ್ತಿದ್ದರು. ಬಂದವರು ಬಸ್ಸಿಗೆ ಬಂದಿದ್ದಾರೆಂದೇ ಅವರ ಎಣಿಕೆ.

"ತಮ್ಮ ದೇಶದ ಮುಖ್ಯ ಉತ್ಪನ್ನ ಯಾವುದು?" ಎಂದರು ಅಧಿಕಾರಿ, ನಮ್ಮದೇ ಭಾಷೆಯಲ್ಲಿ.

ದುಭಾಷಿಗೆ ನಮ್ಮ ಭಾಷೆ ಯಾವುದೆಂದು ಯಾರೂ ಹೇಳಿರಲಿಲ್ಲ. ಆದರೂ ಸಂಬಳಕ್ಕೆ ದ್ರೋಹ ಬಗೆಯಬಾರದಲ್ಲ. ಅದೇ ಮಾತನ್ನು ಅದೇ ಭಾಷೆಯಲ್ಲಿ, ನಿಧಾನವಾಗಿ, ಕಿವುಡರಿಗೆ ಹೇಳುವಂತೆ ಕೂಗಿದರು: "ತಮ್ಮ... ದೇಶದ... ಮುಖ್ಯ... ಉತ್ಪನ್ನ... ಯಾವುದು?"

"ಬನ್ನು," ಎಂದಳು ಬೇಕರಿ ಅಕ್ಕ.

"ಬನ್ನು ಅಂತೆ ಸಾರ್," ಎಂದರು ದುಭಾಷಿ ಅಧಿಕಾರಿಯ ಕಡೆ ತಿರುಗಿ.

ಅಧಿಕಾರಿ ತಲೆದೂಗಿ ಬರೆದುಕೊಂಡರು. ಎಲ್ಲವೂ ಹೂವೆತ್ತಿದಂತೆ ಸಾಗಿತ್ತು. ತೆರಿಗೆ ವಿನಾಯಿತಿಯ ಪತ್ರ ಕೈಚೀಲದಿಂದ ಹೊರಬಂತು. ಅಂಗಡಿಯ ಯಜಮಾನರ ಸಹಿ ಬೇಕೆಂದರು. ಆಗ ಸೈಕಲ್ಲಿನ ಹಿಂದಿನಿಂದ ದೊಡ್ಡಪ್ಪ ಎದ್ದು ನಿಂತರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಧಿಕಾರಿ ಹೂಗುಚ್ಛವನ್ನು ಅವರ ಕೈಗಿಟ್ಟು ಫೋಟೋ ತೆಗೆಸಿಕೊಂಡರು. ದೊಡ್ಡಪ್ಪ ಅದನ್ನು ಕಂಕುಳಲ್ಲಿ ಇರುಕಿಸಿ, ಕೈ ಒರೆಸಿಕೊಂಡು, ಪತ್ರವನ್ನು ಅಂಚಿನಲ್ಲಿ ಹಿಡಿದು, ತುಟಿ ಅಲ್ಲಾಡಿಸುತ್ತಾ ಓದಿದರು.

"ಇದರಲ್ಲಿ ನಾನು ಹೊರದೇಶದವನು ಅಂತ ಇದೆಯಲ್ಲ."

"ಕಾಗದದ ಮಟ್ಟಿಗೆ ಅಷ್ಟೇ ಯಜಮಾನ್ರೇ. ಒಂದು ಸಹಿ ಹಾಕಿಬಿಡಿ, ತೆರಿಗೇನೂ ಇಲ್ಲ, ಟಾರ್ಪಾಲೂ ಉಳೀತು."

"ಸಹಿ ಹಾಕಿದರೆ ಮುಂದಿನ ತಿಂಗಳು ವೋಟು?"

ಅಧಿಕಾರಿ ಕೆಮ್ಮಿದರು. "ವಿದೇಶಿಯರಿಗೆ ಅದು... ಇರೋದಿಲ್ಲ."

ದೊಡ್ಡಪ್ಪ ಮೇಲೆ ಟಾರ್ಪಾಲಿನ ಕಡೆ ಒಮ್ಮೆ ನೋಡಿದರು. ನಾನು ಮನಸ್ಸಿನಲ್ಲೇ 'ಹಾಕಿ ದೊಡ್ಡಪ್ಪಾ, ಹಾಕಿ' ಎಂದು ಬೇಡಿಕೊಳ್ಳುತ್ತಿದ್ದೆ. ಅವರು ಪತ್ರವನ್ನು ಮಡಚಿ ಹೂಗುಚ್ಛದ ನಡುವೆ ಸಿಕ್ಕಿಸಿ, ಗುಚ್ಛವನ್ನೇ ವಾಪಸು ಕೊಟ್ಟರು.

"ಬಿಸಿಲಲ್ಲಿ ಕೂತು ಕೆಲಸ ಮಾಡ್ತೀನಿ. ವೋಟು ಬಿಟ್ಟುಕೊಡಲ್ಲ," ಎಂದರು. ನನ್ನ ಕಡೆ ತಿರುಗಿ, "ಏಯ್ ಮಂತ್ರಿ, ನಿನ್ನ ದೇಶ ಮುಚ್ಚು. ದೊಡ್ಡಮ್ಮನ ಶಾಲಿಗೆ ಗ್ರೀಸು ಹತ್ತಿದ್ದರೆ ರಾತ್ರಿ ನಿನಗೆ ಊಟ ಇಲ್ಲ," ಎಂದರು.

ನಿಯೋಗ ಅವಸರದಲ್ಲಿ ಕಾರು ಹತ್ತಿತು. ದುಭಾಷಿಯನ್ನು ಮರೆತೇ ಹೋಯಿತು. ಪಾಪ ಆ ಮನುಷ್ಯ ಬಸ್ಸು ಬರುವ ತನಕ ನಮ್ಮ ಟಾರ್ಪಾಲಿನ ಕೆಳಗೆ ಕೋಟು ಬಿಚ್ಚಿಕೊಂಡು ನಿಂತಿದ್ದರು. "ಒಳ್ಳೆ ತಂಪಾಗಿದೆ ಯಜಮಾನ್ರೇ," ಎಂದರು. ಇದನ್ನು ಮಾತ್ರ ಒಂದೇ ಸಲ ಹೇಳಿದರು, ಮೆಲ್ಲಗೆ.

ತಮಾಷೆ ಬದಿಗಿರಲಿ. ದೊಡ್ಡಪ್ಪ ತೆರಿಗೆಗಳ್ಳರಲ್ಲ. ಅಂಗಡಿಯ ತೆರಿಗೆಯನ್ನು ಅವರು ಪ್ರತಿ ವರ್ಷ ಕೊನೆಯ ದಿನಕ್ಕೆ ಕಾಯದೆ ಕಟ್ಟಿ ಬಂದವರು. ರಸ್ತೆಗೆ, ನೀರಿಗೆ, ದೀಪಕ್ಕೆ ಎಂದು ಕೇಳಿ, ಕೊಡುತ್ತಾರೆ, ಗೊಣಗುತ್ತಲಾದರೂ ಕೊಡುತ್ತಾರೆ. ಆದರೆ ಈ ನೆರಳನ್ನು ನಗರಸಭೆ ಕೊಟ್ಟಿಲ್ಲ. ತಾವು ಕಟ್ಟಿಸಬೇಕಿದ್ದ ಬಸ್ ನಿಲ್ದಾಣದ ಕೆಲಸವನ್ನು ಒಬ್ಬ ಮನುಷ್ಯ ತನ್ನ ಪೈಪು, ತನ್ನ ಹಾಳೆ, ತನ್ನ ಹಗ್ಗದಿಂದ ಮಾಡಿಕೊಂಡು, ಅದರ ಕೆಳಗೆ ಊರಿನವರಿಗೂ ಪುಕ್ಕಟೆ ಜಾಗ ಕೊಟ್ಟ. ಅಂಥವನಿಗೆ ಧನ್ಯವಾದ ಹೇಳಲು ಬಾಯಿ ಬರದಿದ್ದರೆ ಬೇಡ, ಬಿಲ್ಲು ಏಕೆ ಬರೆಯಬೇಕು? ತನ್ನ ಪಾಡಿಗೆ ತಾನು ದುಡಿಯುವವನ ಮೇಲೆ ಕೈ ಹಾಕಿ ತಂದ ಹಣದಲ್ಲಿ ಹೂಗುಚ್ಛ ಕೊಂಡು, ಅದನ್ನು ಅವನ ಕೈಗೇ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಯಾವ ಸ್ನೇಹ? ಪ್ರಜೆಯಾಗಿದ್ದರೆ ದಂಡ, ಪರಕೀಯನಾದರೆ ವಿನಾಯಿತಿ ಎಂಬ ನಿಯಮ ಬರೆದ ಕೈ ಬರೆಯುವಾಗ ಒಂದು ಗಳಿಗೆಯೂ ನಡುಗಲಿಲ್ಲವೇ?

ಆದ್ದರಿಂದ ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ, ನೆರಳು ತೆರಿಗೆಯನ್ನು ರದ್ದು ಮಾಡಿ. ಸ್ನೇಹ ವಿಭಾಗವನ್ನು ಮುಚ್ಚಿ, ಅಲ್ಲಿನ ಅಧಿಕಾರಿಯನ್ನು ಚರಂಡಿ ವಿಭಾಗಕ್ಕೆ ರಾಯಭಾರಿಯಾಗಿ ಕಳಿಸಿ. ದುಭಾಷಿಯ ಅಗತ್ಯ ಬೀಳದು. ಇಷ್ಟೂ ಆಗದೆಂದಾದರೆ, ಸೋಮವಾರ ಕತ್ತರಿ ಬರುವ ಮೊದಲು ತಾವೇ ಒಮ್ಮೆ ಬನ್ನಿ. ನಡು ಮಧ್ಯಾಹ್ನ ಬನ್ನಿ. ಕಾರು ಬೇಡ, ಬಸ್ಸಿನಲ್ಲಿ ಬನ್ನಿ. ಹಿಂದಿರುಗುವ ಬಸ್ಸು ಬರುವ ತನಕ ಎಲ್ಲಿ ನಿಲ್ಲುತ್ತೀರೆಂದು ನೋಡುವ ಕುತೂಹಲ ನಮ್ಮ ಬೀದಿಗೆಲ್ಲ ಇದೆ.

ಕೊನೆಯದಾಗಿ ಒಂದು ಸಣ್ಣ ಮಾಹಿತಿ. ನಮ್ಮ ವಾರ್ಡಿನ ಮತಗಟ್ಟೆ ಬೇಕರಿಯ ಆಚೆಗಿರುವ ಶಾಲೆ. ಪ್ರತಿ ಚುನಾವಣೆಯಲ್ಲೂ ಸಾಲು ಬೆಳೆದು ಬೆಳೆದು ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗಡಿ ಮುಟ್ಟುತ್ತದೆ. ಅಲ್ಲಿ ಜನ ನೆರಳಿನಲ್ಲಿ ನಿಂತು, ಒಬ್ಬರನ್ನೊಬ್ಬರು ಕಿಚಾಯಿಸಿಕೊಂಡು, ಬೇಕರಿ ಅಕ್ಕನ ಬನ್ನು ತಿಂದುಕೊಂಡು ಹಗುರ ಮನಸ್ಸಿನಿಂದ ಒಳಗೆ ಹೋಗುತ್ತಾರೆ. ಹಗುರ ಮನಸ್ಸಿನ ಜನ ಹಳೆಯ ಅಧ್ಯಕ್ಷರನ್ನು ಕ್ಷಮಿಸಿಬಿಡುವುದುಂಟು. ಈ ಸಲ ಟಾರ್ಪಾಲು ಇರದಿದ್ದರೆ ಅದೇ ಜನ ನೆತ್ತಿಯ ಮೇಲೆ ಸೂರ್ಯನನ್ನು ಹೊತ್ತು, ಬೆವರು ಒರೆಸಿಕೊಳ್ಳುತ್ತಾ, ಹೆಜ್ಜೆ ಹೆಜ್ಜೆಯಾಗಿ ತಮ್ಮ ಬಗ್ಗೆಯೇ ಯೋಚಿಸುತ್ತಾ ಮುಂದೆ ಸರಿಯುತ್ತಾರೆ. ಆ ಸಾಲಿನ ಮೊದಲಲ್ಲಿ ದೊಡ್ಡಪ್ಪ ಇರುತ್ತಾರೆ. ಅವರ ಹಿಂದೆ, ಅವರ ನೆರಳಿನಲ್ಲಿ, ನಾನು.

ಇಂತಿ, ತಮ್ಮ ಆಡಳಿತದಲ್ಲಿ ಒಂದೇ ದಿನ ಗೌರವ ಕಂಡ,
ಹಿತ್ತಲ ಬೀದಿ ಸಂಸ್ಥಾನದ ಪದಚ್ಯುತ ವಿದೇಶಾಂಗ ಮಂತ್ರಿ
(ಸದ್ಯ ಪಂಕ್ಚರ್ ಖಾತೆ, ಶಾಲು ಒಗೆಯುವ ಹೆಚ್ಚುವರಿ ಹೊಣೆ)