ಎಡಗಾಲಿಗೆ ಅರ್ಧ ಇಂಚು

ರೀ,

ಈ ಕಾಗದ ನಿಮಗೆ ತಲುಪುವುದಿಲ್ಲ. ಮನೆ ಬಿಟ್ಟು ಹೋಗುವಾಗ ನೀವು ವಿಳಾಸ ಕೊಡಲಿಲ್ಲ, ನಾನೂ ಕೇಳಲಿಲ್ಲ. ಆದರೂ ಇವತ್ತು ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಬೆಳಿಗ್ಗೆ ನನ್ನ ತಮ್ಮ ಹೊಸ ಪ್ಯಾಂಟ್ ತಂದಿದ್ದ. ಸೊಂಟ ಸಡಿಲ, ಕಾಲು ಉದ್ದ. ನಿಮ್ಮ ಪ್ಯಾಂಟುಗಳನ್ನು ಕೆಡಿಸಿ ಕೆಡಿಸಿಯೇ ಈ ಕೆಲಸ ಕಲಿತವಳಲ್ಲವೇ ನಾನು, ಒಂದು ಗಂಟೆಯಲ್ಲಿ ಹೊಲಿದು ಕೊಟ್ಟೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತವನು ನಕ್ಕುಬಿಟ್ಟ.

"ಅಕ್ಕಾ, ಕಣ್ಣು ಮಂಜಾಯ್ತಾ? ಎಡಗಾಲು ಮೇಲೆ ಹೋಗಿದೆ ನೋಡು. ನನ್ನ ಕಾಲು ಎರಡೂ ಸಮ ಇವೆ ಕಣೇ!"

ಟೇಪ್ ಹಿಡಿದು ನೋಡಿದೆ. ಸರಿಯಾಗಿ ಅರ್ಧ ಇಂಚು ಗಿಡ್ಡ. ಕೈ ತಾನಾಗಿಯೇ ನಿಮ್ಮ ಅಳತೆಗೆ ಮಡಚಿತ್ತು.

ನಿಮಗಿದು ಗೊತ್ತೇ ಇಲ್ಲ. ನಿಮ್ಮ ಎಡಗಾಲು ಅಷ್ಟು ಗಿಡ್ಡ. ಮದುವೆಯಾದ ಮೊದಲ ತಿಂಗಳೇ ಕಂಡಿದ್ದೆ. ನೊಂದುಕೊಳ್ಳುತ್ತೀರೆಂದು ಹತ್ತೊಂಬತ್ತು ವರ್ಷ ಗುಟ್ಟಾಗಿ ಸರಿಮಾಡಿದೆ. ನೀವೋ, "ನನಗೆ ಯಾವ ಪ್ಯಾಂಟಾದ್ರೂ ಒಪ್ಪುತ್ತೆ" ಎಂದು ಬೀಗುತ್ತಿದ್ದಿರಿ. ಕೊನೆಯ ಜಗಳದಲ್ಲಿ ಬಾಯಿಗೆ ಬಂದದ್ದೆಲ್ಲ ಅಂದೆ, ನಿಮ್ಮ ತಾಯಿಯನ್ನೂ ಬಿಡಲಿಲ್ಲ. ಇದೊಂದನ್ನು ಮಾತ್ರ ಅನ್ನಲಿಲ್ಲ.

ತಮ್ಮನ ಪ್ಯಾಂಟಿನ ಹೊಲಿಗೆ ಬಿಚ್ಚಿ ಸಮ ಮಾಡಿ ಕಳಿಸಿದೆ. ಆಮೇಲೆ ಮಷಿನ್ ಮೇಲೆಯೇ ಕಾಗದ ಇಟ್ಟು ಇದನ್ನು ಬರೆಯುತ್ತಿದ್ದೇನೆ. ನೀವು ಹೋಗಿ ಎರಡು ವರ್ಷವಾಯಿತು. ಹೊಸ ಪ್ಯಾಂಟುಗಳ ಎಡಗಾಲಿನ ಅಂಚು ನೆಲ ಒರೆಸಿ ನೂಲು ಬಿಟ್ಟಿರಬೇಕು, ನೀವು ಅಂಗಡಿಯವನನ್ನು ಬೈಯುತ್ತಿರಬೇಕು. ಅಲ್ಲಿ ಯಾರಾದರೂ ಒಮ್ಮೆ ಬಗ್ಗಿ ನೋಡಿದರಾ?