ಬ್ಯಾನರಿನಲ್ಲಿ ನಗುವ ಪೈಲಟ್ ನನ್ನ ಮಗಳು

ವಿಮಾನಯಾನ ಪದವಿ ವಿಭಾಗದ ಮಾನ್ಯ ನಿರ್ದೇಶಕರೇ,

ಗೋರೆಗಾಂವ್ ಸ್ಟೇಷನ್ನಿನ ಹೊರಗೆ ಕಟ್ಟಿಸಿರುವ ನಿಮ್ಮ ಬ್ಯಾನರನ್ನು ಶುಕ್ರವಾರದೊಳಗೆ ಇಳಿಸಿ. ಅದರಲ್ಲಿ ಪೈಲಟ್ ಯೂನಿಫಾರ್ಮ್ ತೊಟ್ಟು ನಗುತ್ತಿರುವವಳು ನನ್ನ ಮಗಳು ಕೈನಾತ. ಕೆಳಗೆ 'ಹಾರಲು ಬನ್ನಿ' ಎಂದು ಬರೆಸಿದ್ದೀರಿ. ಆಹಾ! ನಿಮ್ಮಲ್ಲಿ ಪದವಿ ಮುಗಿಸಿದ ಆ ಹುಡುಗಿ ಒಂದು ದಿನವೂ ವಿಮಾನ ನಡೆಸಿಲ್ಲ. ಈಗ ಏರ್‌ಪೋರ್ಟ್ ಕೌಂಟರಿನಲ್ಲಿ ಪ್ರಯಾಣಿಕರ ಬ್ಯಾಗು ತೂಗುತ್ತಾಳೆ.

ನಾನು ಧಾರಾವಿಯ ದರ್ಜಿ. ನಿಮ್ಮ ವಿದ್ಯಾರ್ಥಿಗಳ ಯೂನಿಫಾರ್ಮ್ ಹೊಲಿಯುವವನೂ ನಾನೇ. ವರ್ಷವರ್ಷವೂ ಬಿಳಿ ಅಂಗಿಗಳ ಭುಜಕ್ಕೆ ಬಂಗಾರದ ಪಟ್ಟಿ ಹಚ್ಚುತ್ತ, ಇವನ್ನು ತೊಡುವವರೆಲ್ಲ ವಿಮಾನ ಹಾರಿಸುತ್ತಾರೆಂದೇ ನಂಬಿದ್ದೆ. ನಾನು ಹಚ್ಚಿದ ಪಟ್ಟಿಗೆ ನಾನೇ ಮರುಳಾಗಿ ಮಗಳನ್ನು ಸೇರಿಸಿದೆ. ಕೊನೆಗೆ ಅವಳೇ ಹೇಳಿದಳು: "ಅಬ್ಬಾಜಾನ್, ಲೈಸೆನ್ಸಿಗೆ ಡಿಗ್ರಿ ಕೇಳೂದೇ ಇಲ್ಲ. ಬಾರಾವಿ, ಅಂದ್ರ ಹನ್ನೆರಡನೇ ಕ್ಲಾಸ್ ಸೈನ್ಸ್, ಮೆಡಿಕಲ್ ತಪಾಸಣಿ, ಪರೀಕ್ಷೆ, ಆಮೇಲೆ ಹಾರಿಸಿದ ಗಂಟೆಗಳು. ಅವು ಫ್ಲೈಯಿಂಗ್ ಸ್ಕೂಲಿನ್ಯಾಗ ಸಿಗ್ತಾವು, ಈ ಕಾಲೇಜಿನ್ಯಾಗ ಅಲ್ಲ."

ನಿಮ್ಮ ಪದವಿ ದಂಡ ಎನ್ನುವುದಿಲ್ಲ. ಅದರಿಂದಲೇ ಅವಳಿಗೆ ಕೆಲಸ ಸಿಕ್ಕಿತು. ಮೆಡಿಕಲ್‌ನಲ್ಲಿ ಕಣ್ಣು ಕೈಕೊಟ್ಟರೂ ಪದವಿ ಅನ್ನ ಹಾಕುತ್ತದೆ. ಫ್ಲೈಯಿಂಗ್ ಸ್ಕೂಲೊಂದನ್ನೇ ನಂಬಿದವರಿಗೆ ಆ ಧೈರ್ಯವಿಲ್ಲ. ಆದರೆ ಯಾವುದರಿಂದ ಏನು ಸಿಗುತ್ತದೆಂದು ಮೊದಲೇ ಹೇಳಲು ನಿಮ್ಮ ನಾಲಿಗೆಗೇನಾಗಿತ್ತು?

ಈಗ ನಮ್ಮ ಚಾಳಿನ ನೆರೆಯವಳು ದಾವಲಬಿ ಅದೇ ಬ್ಯಾನರ್ ನೋಡಿ ಮಗ ಅಕೀಲನನ್ನು ನಿಮ್ಮಲ್ಲಿಗೆ ಸೇರಿಸಲು ಹೊರಟಿದ್ದಾಳೆ. ಶುಕ್ರವಾರ ಕಡೇ ದಿನ. ಹುಡುಗನಿಗೆ ವಿಮಾನ ಹಾರಿಸುವುದೊಂದೇ ಹುಚ್ಚು. "ಬ್ಯಾಡವಾ, ಮೊದಲ ಫ್ಲೈಯಿಂಗ್ ಸ್ಕೂಲಿನ್ಯಾಗ ಕೇಳು" ಎಂದೆ. ಉರಿದುಬಿದ್ದಳು: "ನಿಮ್ಮ ಮಗಳು ಪೈಲಟ್ ಆಗಬೇಕು, ನನ್ನ ಮಗ ಆಗಬಾರದೇನ್ರಿ ಭಾಯ್? ಕಣ್ಣಾರೆ ನೋಡೀನಿ!" ಕೈನಾತಳೇ ಹೋಗಿ ಹೇಳಿದಳು. 'ಅಪ್ಪ ಕಲಿಸಿ ಕಳಿಸಿದ್ದಾನೆ' ಅಂದಳಂತೆ ದಾವಲಬಿ. ನನ್ನ ಮಗಳ ಮಾತಿಗಿಂತ ನಿಮ್ಮ ಬ್ಯಾನರಿನ ಫೋಟೋವೇ ದೊಡ್ಡದಾಯಿತು!

ನಿಮ್ಮ ಕಚೇರಿಗೂ ಬಂದೆ. "ಅದು ಬರೀ ಫೋಟೋ. ಪೈಲಟ್ ಅಂತ ಎಲ್ಲಿ ಬರೆದಿದೆ?" ಎಂದಿರಿ. ಸ್ವಾಮಿ, ಭುಜದ ಮೇಲೆ ಹೊಲಿಸಿದ ಮೇಲೆ ಬೇರೆ ಬರೆಯುವುದೇಕೆ?

ನಿನ್ನೆ ಅಕೀಲ ಅಳತೆ ಕೊಡಲು ಬಂದು, ಎದೆ ಸೆಟೆಸಿ ನನ್ನ ಮುಂದೆ ನಿಂತ. ಟೇಪು ಹಿಡಿದ ನನ್ನ ಕೈ ಮೇಲೇಳಲಿಲ್ಲ.

ಬ್ಯಾನರ್ ಇಳಿಸಿ. ಸೇರಲು ಬರುವ ಪ್ರತಿ ಮನೆಯವರಿಗೂ ಇಲ್ಲಿ ವಿಮಾನ ಹಾರಿಸುವುದನ್ನು ಕಲಿಸುವುದಿಲ್ಲವೆಂದು ಬಾಯಿಬಿಟ್ಟು ಹೇಳಿ, ದಾವಲಬಿಯಿಂದಲೇ ಶುರುಮಾಡಿ. ಈ ವರ್ಷದ ಅಂಗಿಗಳು ತಯಾರಾಗಿವೆ. ಕಾಲರ್, ಜೇಬು, ಗುಂಡಿ ಎಲ್ಲ ಸರಿಯಾಗಿವೆ. ಭುಜಕ್ಕೆ ಪಟ್ಟಿ ಮಾತ್ರ ಹಚ್ಚಿಲ್ಲ, ಹಚ್ಚುವುದೂ ಇಲ್ಲ.

ಇಂತಿ,
ಇಷ್ಟು ವರ್ಷ ನಿಮ್ಮ ಪೈಲಟ್‌ಗಳನ್ನು ಹೊಲಿದುಕೊಟ್ಟ
ಜಹಾಂಗೀರ, ದರ್ಜಿ, ಧಾರಾವಿ