ಮೆಟ್ಟಿಲ ಕೆಳಗಿನ ಗಿರಾಕಿ

ಮಾರ್ಚ್ 6, ಮೊಡೆಸ್ಟೊ

ಬೆಳಿಗ್ಗೆ ಲೆಲ್ಯಾಂಡ್ ನಮ್ಮ ಡೋನಟ್ ಅಂಗಡಿಯ ಮೆಟ್ಟಿಲ ಕೆಳಗೆ ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದರು. ತೊಡೆಯ ಮೇಲಿನ ಪತ್ರಿಕೆ ತುಂತುರಿಗೆ ನೆನೆದಿತ್ತು. ಒಂಬತ್ತು ವರ್ಷದಿಂದ ಅವರಿಗೆ ಕಾಫಿಯನ್ನು ಹೊರಗೇ ಒಯ್ದು ಕೊಟ್ಟಿದ್ದೇವೆ. ಇವತ್ತು ಯಾರೂ ಒಯ್ಯಲಿಲ್ಲ, ನಾನೂ.

ಮೆಟ್ಟಿಲಿರುವುದರಿಂದ ಗಾಲಿಕುರ್ಚಿಯವರು ಒಳಗೆ ಬರಲಾಗದು ಎಂದು ನಮ್ಮ ಮೇಲೆ ದಾವೆ ಹೂಡಿದವನು ಬೇರೆ ಊರಿನ ಗಾಲಿಕುರ್ಚಿಯವನು. ನಿನ್ನೆ ಬಂದ ಕೋರ್ಟ್ ನೋಟಿಸಿನಲ್ಲೇ ಅವನ ಹೆಸರಿದೆ.

"ಇವ್ನೇ ಹೇಳ್ಕೊಟ್ಟಿರ್ತಾನೆ. ಕುರ್ಚಿಯವ್ರೆಲ್ಲಾ ಒಂದೇ ಪಾರ್ಟಿ ಕಣಮ್ಮಾ," ಎಂದರು ದಿನಾ ಬರುವ ಗಿರಾಕಿ ಡೊರೀನ್, ಕಿಟಕಿಯಾಚೆ ಲೆಲ್ಯಾಂಡ್ ಕಡೆ ಕೈ ತೋರಿಸಿ.

"ನೀನು ಓದಿದೋಳು ಚನ್ನಾರಿ," ಎಂದರು ಅಪ್ಪ. "ನಮ್ಮಂಗಡೀಲಿ ಯಾರಿಗೂ ತೊಂದ್ರೆ ಆಗಿಲ್ಲ ಅಂತ ಕೋರ್ಟಿಗೆ ನೀಟಾಗಿ ಬರ್ಕೊಡು."

ಆಗಿಲ್ಲವಂತೆ! ಲೆಲ್ಯಾಂಡ್ ಒಮ್ಮೆಯೂ ಒಳಗೆ ಬಂದು ಕೂತಿಲ್ಲ. ಅವರನ್ನು ಬೀದಿಯಲ್ಲೇ ಇಟ್ಟು ಅದನ್ನು ದಯೆ ಎಂದುಕೊಂಡೆವು.

ನಾಳೆ ಕೋರ್ಟಿಗೆ ಬರೆದುಕೊಡುತ್ತೇನೆ, ಲೆಲ್ಯಾಂಡ್ ಹೊರಗೇ ಉಳಿದ ಈ ಸತ್ಯವನ್ನೇ. ಅದಕ್ಕೆ ಸಹಿ ಹಾಕಲು ಅಪ್ಪ ಒಲ್ಲೆನೆಂದರೆ ನನ್ನ ಸಹಿಯೇ ಇರಲಿ.